ಹೊರಟ ಕಥೆ, ನಿಂತ ನೆಲ

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯು ಕುಶಾಲನಗರದ ಬಳಿ ಕಾವೇರಿಯನ್ನು ದಾಟುವುದಕ್ಕೆ ಮುನ್ನ ಹಾದುಹೋಗುವ ಪಿರಿಯಾಪಟ್ಟಣ ತಾಲ್ಲೂಕು, ಹೊಗೆಸೊಪ್ಪು ಮತ್ತು ಮುಸುಕಿನ ಜೋಳದ ಹೊಲಗಳಿಂದ ಕೂಡಿದ, ಮೇಲುನೋಟಕ್ಕೆ ನಮ್ಮ ನಾಡಿನ ಇತರ ತಾಲ್ಲೂಕುಗಳಿಗಿಂತ ವಿಶೇಷವಾಗಿ ಭಿನ್ನವಲ್ಲದ ಪ್ರದೇಶವೆಂದು ತೋರುವುದು ಸಹಜ. ಆದರೆ ಹುಟ್ಟಿದ ನೆಲವನ್ನು ಬಿಟ್ಟುಬಂದ ಜನ ಮತ್ತೊಂದು ನೆಲದಲ್ಲಿ ತಾವು ಯಾರೆಂಬುದನ್ನು ಹೇಗೆ ಕಂಡುಕೊಳ್ಳುವರು, ಎಷ್ಟು ಕಾಲಕ್ಕೆ, ಯಾವ ಬಗೆಯಲ್ಲಿ ಆ ನೆಲಕ್ಕೆ ಸೇರಿದವರಾಗುವರು ಎಂಬ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡುವವನಿಗೆ ಇದಕ್ಕಿಂತ ಅರ್ಥಗರ್ಭಿತವಾದ ಸೀಮೆ ಕರ್ನಾಟಕದಲ್ಲಿ ಮತ್ತೊಂದು ದೊರೆಯಲಾರದೆಂದು ನನ್ನ ನಂಬಿಕೆ. ಇದರ ಒಂದು ಬದಿಗೆ, ಸಿಡಿಲು ಮಲ್ಲಿಕಾರ್ಜುನನ ಬೆಟ್ಟದ ಬುಡದಲ್ಲಿ, ಬೆಟ್ಟದಪುರವಿದೆ. ಶತಮಾನಗಳ ಹಿಂದೆ ತಮಿಳು ಮಲಯಾಳಗಳ ಗಡಿಯಿಂದ ಬಂದು ನೆಲಸಿದ ಸಂಕೇತಿಗಳ ಎರಡು ಮುಖ್ಯ ಪಂಗಡಗಳಲ್ಲಿ ಒಂದು ಈ ಊರಿನ ಹೆಸರನ್ನೇ ತನ್ನದಾಗಿಸಿಕೊಂಡಿದೆ. ಮತ್ತೊಂದು ಬದಿಗೆ ಬೈಲಕುಪ್ಪೆಯಿದೆ. ಹಿಮಾಲಯವನ್ನು ದಾಟಿಬಂದ ಟಿಬೆಟನ್ನರು ಭಾರತದಲ್ಲಿ ಮೊತ್ತಮೊದಲು ಬೇಸಾಯಕ್ಕೆ ನಿಂತ ನೆಲ ಅದು. ಇವೆರಡರಿಂದಲೂ ದೂರವಲ್ಲದ ದಕ್ಷಿಣದಲ್ಲಿ ನಾಗರಹೊಳೆಯ ಕಾಡು. ಅಲ್ಲಿಂದ ಹೊರಹಾಕಲ್ಪಟ್ಟು, ಪ್ರಯಾಣವೆಂದು ಹೇಳಲೂ ಆಗದಷ್ಟು ಕಿರಿದಾದ ದೂರವನ್ನು ಕ್ರಮಿಸಿ, ತಮ್ಮ ಸರ್ವಸ್ವವನ್ನೂ ಕಳೆದುಕೊಂಡ ಜೇನುಕುರುಬರು ಈ ಸೀಮೆಯ ಮೂರನೆಯ ವಲಸಿಗರು.

ಸಂಕೇತಿಗಳ ವಿಷಯದಿಂದಲೇ ಆರಂಭಿಸುವುದು ಲೇಸು, ಏಕೆಂದರೆ ಅವರ ವಲಸೆ ಸಂಪೂರ್ಣವಾಗಿ ಮುಗಿದ ವಲಸೆ. ಅವರ ಮೂಲಸ್ಥಾನವೆಂದು ಪರಂಪರೆ ಹೇಳುವ ಶೆಂಗೋಟ್ಟೈ, ಪಶ್ಚಿಮಘಟ್ಟದ ಪೂರ್ವಪಾರ್ಶ್ವದಲ್ಲಿ ಕುಟ್ರಾಲದ ಜಲಪಾತಗಳಿಗೆ ಸಮೀಪವಾಗಿ, 1956ರವರೆಗೆ ತಿರುವಾಂಕೂರಿಗೂ ಅನಂತರ ತಮಿಳುನಾಡಿಗೂ ಸೇರಿದ ಊರು. ಆ ಊರಿನಲ್ಲಿ ನಾಚಾರಮ್ಮನೆಂಬ ವಿದುಷಿಯೊಬ್ಬಳಿದ್ದಳೆಂದೂ, ಶಾಸ್ತ್ರಗಳಲ್ಲಿ ಆಕೆಗಿದ್ದ ಪಾಂಡಿತ್ಯವನ್ನು ಊರಿನ ಪಂಡಿತರು ಸಹಿಸಲಾರದೆ ಅವಮಾನಗೊಳಿಸಲು, ಆ ಊರಿಗೆ ಶಾಪವಿತ್ತು ತನ್ನನ್ನು ನಂಬಿದ ಕುಟುಂಬಗಳೊಡನೆ ಉತ್ತರಾಭಿಮುಖವಾಗಿ ಹೊರಟಳೆಂದೂ, ಹಾಗೆ ಹೊರಟವರು ಘಟ್ಟದ ತಪ್ಪಲುಗಳನ್ನು ಬಳಸಿ ಹಾಸನದ ಬಳಿಯ ಕೌಶಿಕಕ್ಕೂ, ಮತ್ತೊಂದು ತಂಡವಾಗಿ ಬೆಟ್ಟದಪುರದ ಆಸುಪಾಸಿಗೂ ಬಂದು ನಿಂತರೆಂದೂ ಕಥೆಯಿದೆ. ಇದರಲ್ಲಿ ಚರಿತ್ರೆಯ ಅಂಶವೆಷ್ಟು, ಕಲ್ಪನೆಯ ಅಂಶವೆಷ್ಟು ಎಂಬ ವಿಚಾರ ಇತಿಹಾಸಕಾರರಿಗೆ ಸೇರಿದುದು. ನನಗೆ ಮುಖ್ಯವೆನಿಸುವುದು ಒಂದು ಸಮುದಾಯವು ತನ್ನ ನಿರ್ಗಮನವನ್ನು ನೆನಪಿಟ್ಟುಕೊಂಡಿರುವ ರೀತಿ. ಶತಮಾನಗಳು ಕಳೆದರೂ ಸಂಕೇತಿಗಳ ಮನೆಗಳಲ್ಲಿ ನಾಚಾರಮ್ಮನ ಹೆಸರು ಮಾಸಿಲ್ಲ. ಒಬ್ಬ ರಾಜನನ್ನಾಗಲಿ ಸಂನ್ಯಾಸಿಯನ್ನಾಗಲಿ ಅಲ್ಲದೆ, ಅಪಮಾನಿತಳಾದ ಒಬ್ಬ ಸ್ತ್ರೀಯನ್ನು ತಮ್ಮ ಮೂಲಪುರುಷನ ಸ್ಥಾನದಲ್ಲಿ ನಿಲ್ಲಿಸಿಕೊಂಡಿರುವ ಆ ಸ್ಮೃತಿಯಲ್ಲಿ ಒಂದು ಘನತೆಯಿದೆ.

ಶಾಪವಿತ್ತು ಬಿಟ್ಟ ಊರಿಗೆ ಹಿಂದಿರುಗುವ ಪ್ರಶ್ನೆಯಿಲ್ಲ. ಈ ಕಥೆಯನ್ನು ಕೇಳಿ ಬೆಳೆದ ಮಗುವಿಗೆ ಶೆಂಗೋಟ್ಟೈ ಎಂಬುದು ಮರಳಿ ಪಡೆಯಬೇಕಾದ ಆಸ್ತಿಯಾಗಿ ಎಂದೂ ಕಾಣಲಿಲ್ಲ. ಹಿಂದಣ ಬಾಗಿಲು ಮುಚ್ಚಿದ್ದರಿಂದ ಮುಂದಣ ನೆಲವೆಲ್ಲವೂ ಅವರದಾಗಲು ಅಡ್ಡಿಯಿಲ್ಲದಾಯಿತು. ಅಡಕೆ ತೆಂಗುಗಳ ತೋಟಗಳನ್ನು ಎಬ್ಬಿಸಿ, ಕಾವೇರಿ ಹೇಮಾವತಿ ತುಂಗೆಯರ ದಂಡೆಗಳಲ್ಲಿ ಕೃಷಿಕರಾಗಿ ಬೇರೂರಿ, ವೇದಾಧ್ಯಯನವನ್ನೂ ಸಂಗೀತವನ್ನೂ ಕೈಬಿಡದೆ ಬೆಳೆಸಿಕೊಂಡು ಬಂದ ಇವರು ಕನ್ನಡ ಸಂಸ್ಕೃತಿಗೆ ನೀಡಿದ ಕಾಣಿಕೆ ಅವರ ಸಂಖ್ಯೆಯ ಮಾನದಿಂದ ಅಳೆಯಬಾರದಷ್ಟು ದೊಡ್ಡದು. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವೆಂಬ ಕಾವೇರಿ ತೀರದ ಪುಟ್ಟ ಊರು ಆರ್. ಕೆ. ಶ್ರೀಕಂಠನ್ ಅವರಂಥ ಗಾಯಕರನ್ನು ಕೊಟ್ಟಿತು. ತುಂಗೆಯ ಇಕ್ಕೆಲಗಳಲ್ಲಿರುವ ಮತ್ತೂರು ಹೊಸಹಳ್ಳಿಗಳು ಸಂಸ್ಕೃತಕ್ಕೂ ಗಮಕಕ್ಕೂ ಆಶ್ರಯವಾದುವು. ಕುಮಾರವ್ಯಾಸನ ಕಾವ್ಯವನ್ನು ವಾಚಿಸಿ ಕನ್ನಡಿಗರ ಕಣ್ಣಲ್ಲಿ ನೀರು ತರಿಸಿದ ಹೊಸಹಳ್ಳಿಯ ಗಮಕಿಗಳ ಮನೆಮಾತು ಕನ್ನಡವಲ್ಲವೆಂಬುದನ್ನು ಬಲ್ಲ ಶ್ರೋತೃಗಳು ಎಷ್ಟು ಮಂದಿಯೋ! ಅವರ ಮನೆಯೊಳಗಿನ ಭಾಷೆ ತಮಿಳಿಗೆ ಹತ್ತಿರವಾದ, ಮಲಯಾಳದ ಛಾಯೆಯುಳ್ಳ, ಕನ್ನಡದ ಶಬ್ದಗಳನ್ನು ಹೇರಳವಾಗಿ ಕುಡಿದುಕೊಂಡ ಸಂಕೇತಿ. ಹೊಸ್ತಿಲನ್ನು ದಾಟಿದೊಡನೆ ಕನ್ನಡ. ಅಡುಗೆಮನೆಗೊಂದು, ಅಂಗಳಕ್ಕೊಂದು ಎಂಬ ಈ ದ್ವಿಭಾಷಾಜೀವನದಲ್ಲಿ ಅವರಿಗೆ ಯಾವ ವಿರೋಧವೂ ಕಾಣಲಿಲ್ಲ, ಕಂಡು ಆಕ್ಷೇಪಿಸುವವರೂ ಇರಲಿಲ್ಲ.

ಆಕ್ಷೇಪಿಸುವವರು ಇರಲಿಲ್ಲವೇಕೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಸಂಕೇತಿಗಳು ಬ್ರಾಹ್ಮಣರಾಗಿದ್ದರು, ಅವರು ಬಂದ ಕಾಲದ ಕನ್ನಡ ಸಮಾಜದಲ್ಲಿ ಅವರಂಥವರಿಗಾಗಿ ಒಂದು ಸ್ಥಾನ, ಅದೂ ಮೇಲಿನ ಸ್ಥಾನ, ಮೊದಲೇ ಸಿದ್ಧವಾಗಿತ್ತು. ಬಂದವನು ಯಾವ ಮೆಟ್ಟಿಲ ಮೇಲೆ ನಿಲ್ಲುವನೆಂಬುದು ನಿರ್ಧಾರವಾದ ಮೇಲೆ ಅವನು ಎಲ್ಲಿಂದ ಬಂದನೆಂಬ ಪ್ರಶ್ನೆಯನ್ನು ನಮ್ಮ ಜನ ಹೆಚ್ಚಾಗಿ ಕೇಳುವುದಿಲ್ಲ. ವಲಸಿಗರ ಯಶಸ್ಸನ್ನು ಅವರ ಪರಿಶ್ರಮದಿಂದ ಮಾತ್ರ ವಿವರಿಸುವವರು ಈ ಅಂಶವನ್ನು ಮರೆಯುವರು.

ಬೈಲಕುಪ್ಪೆಗೆ ಬಂದವರ ಕಥೆಯೇ ಬೇರೆ. 1959ರ ಮಾರ್ಚಿ ತಿಂಗಳಲ್ಲಿ ಲಾಸಾ ನಗರದ ಜನ ಚೀನೀ ಆಡಳಿತದ ವಿರುದ್ಧ ಎದ್ದರು. ಆ ದಂಗೆ ನಿರ್ದಯವಾಗಿ ಅಡಗಿಸಲ್ಪಡುವುದಕ್ಕೆ ಮುನ್ನವೇ ದಲೈ ಲಾಮಾ ಅವರು ಗುಪ್ತವಾಗಿ ಅರಮನೆಯನ್ನು ಬಿಟ್ಟು, ಹಿಮದ ಕಣಿವೆಗಳನ್ನು ಹಾದು, ಆ ತಿಂಗಳ ಕೊನೆಯ ದಿನ ಭಾರತದ ನೆಲವನ್ನು ಮುಟ್ಟಿದರು. ಅವರ ಹಿಂದೆ ಸುಮಾರು 80,000 ಮಂದಿ ಬಂದರೆಂದು ಲೆಕ್ಕ. ಅಸ್ಸಾಮಿನ ಮಿಸಾಮಾರಿ, ಬಂಗಾಳದ ಬಕ್ಸಾ ಮೊದಲಾದ ಶಿಬಿರಗಳಲ್ಲಿ ಕೆಲಕಾಲ ತಂಗಿ, ಹಿಮಾಲಯದ ರಸ್ತೆಗಳ ನಿರ್ಮಾಣದಲ್ಲಿ ಕಲ್ಲುಮಣ್ಣು ಹೊತ್ತು, ಸೆಕೆಯಿಂದಲೂ ಕಾಯಿಲೆಗಳಿಂದಲೂ ಬಂಧುಗಳನ್ನು ಕಳೆದುಕೊಂಡ ಈ ಜನಕ್ಕೆ ನೆಲೆ ಕಲ್ಪಿಸಬೇಕೆಂದು ಜವಾಹರಲಾಲ ನೆಹರೂ ಅವರು ರಾಜ್ಯಗಳನ್ನು ಕೋರಿದಾಗ, ಎಲ್ಲಕ್ಕಿಂತ ಮುಂದಾಗಿ ಕೈನೀಡಿದ್ದು ಅಂದಿನ ಮೈಸೂರು ರಾಜ್ಯ. ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ನೆಲ ದೊರೆತು, 1961ರಲ್ಲಿ ಲುಗ್ಸುಂಗ್ ಸಂಡುಪ್ಲಿಂಗ್ ಎಂಬ ಮೊದಲ ವಸತಿ ಸ್ಥಾಪನೆಯಾಯಿತು. ಮುಂದೆ 1966ರಲ್ಲಿ ಉತ್ತರ ಕನ್ನಡದ ಮುಂಡಗೋಡಿನಲ್ಲಿ, ಬಳಿಕ ಬೈಲಕುಪ್ಪೆಯಲ್ಲೇ ಎರಡನೆಯದಾಗಿ, ಹುಣಸೂರು ಮತ್ತು ಕೊಳ್ಳೇಗಾಲ ತಾಲ್ಲೂಕುಗಳಲ್ಲಿ, ಹೀಗೆ ಐದು ವಸತಿಗಳು ಕರ್ನಾಟಕದಲ್ಲಿ ಹುಟ್ಟಿದುವು. ರಾಜ್ಯದ ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪನವರ ಹೆಸರನ್ನು ಟಿಬೆಟನ್ನರು ಇಂದಿಗೂ ಕೃತಜ್ಞತೆಯಿಂದ ಸ್ಮರಿಸುವರು. ಇಂದು ನಮ್ಮ ಗ್ರಾಮಾಭಿವೃದ್ಧಿ ಕ್ಷೇತ್ರದಲ್ಲಿ ಸುಪರಿಚಿತವಾಗಿರುವ ಮೈರಾಡ ಸಂಸ್ಥೆಯು 1968ರಲ್ಲಿ ಆರಂಭವಾದದ್ದು ಈ ನಿರಾಶ್ರಿತರ ಪುನರ್ವಸತಿಗಾಗಿಯೇ ಎಂಬುದನ್ನು ಬಲ್ಲವರು ಈಗ ವಿರಳ.

ಆ ಮೊದಲ ವರ್ಷಗಳನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುವುದು ಕಷ್ಟ. ಬಾರ್ಲಿಯ ಹಿಟ್ಟನ್ನೂ ಚಮರೀಮೃಗದ ಬೆಣ್ಣೆಯನ್ನೂ ಉಂಡು, ಹನ್ನೆರಡು ಹದಿಮೂರು ಸಾವಿರ ಅಡಿಗಳ ಎತ್ತರದ ಶುಷ್ಕಶೀತಲ ವಾಯುವಿನಲ್ಲಿ ಬೆಳೆದ ಜನ, ಜಡಿಮಳೆ ಸುರಿಯುವ, ರಾತ್ರಿಯಲ್ಲಿ ಆನೆಗಳು ನುಗ್ಗುವ ಕಾಡನ್ನು ಕಡಿದು ಹೊಲ ಮಾಡಬೇಕಾಯಿತು. ಬಾರ್ಲಿ ಬೆಳೆಯದ ಮಣ್ಣಿನಲ್ಲಿ ಮುಸುಕಿನ ಜೋಳ ಬಿತ್ತುವುದನ್ನು ಕಲಿಯಬೇಕಾಯಿತು. ಅವರು ಆ ದುಡಿಮೆಯ ನಡುವೆಯೇ ಮಾಡಿದ ಮತ್ತೊಂದು ಕೆಲಸವನ್ನು ನೆನೆದರೆ ನನಗೆ ಗೌರವ ಉಕ್ಕುವುದು. ಹೊಟ್ಟೆಗೆ ಸಾಲದ ಕಾಲದಲ್ಲಿ ಮಠಗಳನ್ನು ಕಟ್ಟಲು ತೊಡಗಿದರು. ಈಗ ಪ್ರವಾಸಿಗರೆಲ್ಲರೂ ಗೋಲ್ಡನ್ ಟೆಂಪಲ್ ಎಂದು ಕರೆಯುವ ದೇಗುಲವಿರುವ ನಾಮ್‌ಡ್ರೋಲಿಂಗ್ ಮಠವನ್ನು ಪೆನೋರ್ ರಿನ್‌ಪೋಚೆಯವರು 1963ರಲ್ಲಿ ಆರಂಭಿಸಿದರು. 1419ರಲ್ಲಿ ಲಾಸಾದ ಬಳಿ ಸ್ಥಾಪಿತವಾಗಿದ್ದ ಸೇರಾ ಮಹಾವಿಹಾರವನ್ನು ಅದೇ ಹೆಸರಿನಿಂದ, ಅದೇ ವಿಭಾಗಗಳೊಡನೆ, ಅದೇ ತರ್ಕಶಾಸ್ತ್ರದ ಪಠ್ಯಕ್ರಮದೊಡನೆ ಬೈಲಕುಪ್ಪೆಯಲ್ಲಿ ಪುನಃ ಕಟ್ಟಿದರು. ಡ್ರೆಪುಂಗ್ ಮತ್ತು ಗಾಂಡೆನ್ ವಿಹಾರಗಳು ಮುಂಡಗೋಡಿನಲ್ಲಿ ಮರುಹುಟ್ಟು ಪಡೆದುವು. ನಾಲಂದಾ ವಿಕ್ರಮಶಿಲೆಗಳಿಂದ ಸಾವಿರ ವರ್ಷಗಳಿಗೂ ಹಿಂದೆ ಉತ್ತರಕ್ಕೆ ಹೋದ ವಿದ್ಯೆ ಕನ್ನಡದ ನೆಲದಲ್ಲಿ ಹೀಗೆ ಮರಳಿ ಪಾಠವಾಗತೊಡಗಿತು. ಅಂಗಳದಲ್ಲಿ ಕುಳಿತ ಸಹಪಾಠಿಯ ಮುಂದೆ ನಿಂತ ಭಿಕ್ಷು ಚಪ್ಪಾಳೆ ತಟ್ಟಿ ಪ್ರಶ್ನೆಯನ್ನೆಸೆಯುವ ಆ ವಾದಸಭೆಗಳನ್ನು ನೋಡಲು ಬಂದ ನಮ್ಮವರು ಅದನ್ನೊಂದು ವಿನೋದವೆಂದು ಚಿತ್ರ ತೆಗೆದುಕೊಂಡು ಹೋಗುವರು. ಧರ್ಮಕೀರ್ತಿಯ ಪ್ರಮಾಣಶಾಸ್ತ್ರ ಅಲ್ಲಿ ಚರ್ಚೆಯಾಗುತ್ತಿದೆಯೆಂದು ಅವರಿಗೆ ಹೇಳುವವರಾದರೂ ಯಾರು?

ನಾಚಾರಮ್ಮನ ಕಥೆಯ ಪಕ್ಕದಲ್ಲಿ ಟಿಬೆಟನ್ನರ ನಿರ್ಗಮನದ ಕಥೆಯನ್ನಿಟ್ಟರೆ ಅವುಗಳ ಅಂತರ ಸ್ಪಷ್ಟವಾಗುವುದು. ಅವಳು ಶಪಿಸಿ ಹೊರಟಳು. ಇವರು ಹಿಂದಿರುಗುವೆವೆಂಬ ಪ್ರತಿಜ್ಞೆಯೊಡನೆ ಹೊರಟರು. ಹಿಂದಿರುಗುವವನು ಬದಲಾಗಬಾರದು. ಆದಕಾರಣ ಇವರ ಶಾಲೆ, ಇವರ ಭಾಷೆ, ಇವರ ಉಡುಗೆ, ಹೊಸವರ್ಷದ ಲೋಸಾರ್ ಹಬ್ಬ, ವರ್ಷವರ್ಷವೂ ಮಾರ್ಚಿ 10ರಂದು ನಡೆಯುವ ಲಾಸಾ ದಂಗೆಯ ಸ್ಮರಣದಿನ, ಎಲ್ಲವೂ ಒಂದು ವ್ರತದ ರೂಪವನ್ನು ತಾಳಿದುವು. ಭಾರತ ಸರ್ಕಾರವು 1961ರಲ್ಲಿಯೇ ಟಿಬೆಟನ್ ಮಕ್ಕಳಿಗಾಗಿ ಪ್ರತ್ಯೇಕ ಕೇಂದ್ರೀಯ ಶಾಲೆಗಳ ಆಡಳಿತವೊಂದನ್ನು ರಚಿಸಿದ್ದು ಈ ವ್ರತಕ್ಕೆ ನೆರವಾಯಿತು. ಧರ್ಮಶಾಲೆಯಲ್ಲಿರುವ ಅವರ ದೇಶಭ್ರಷ್ಟ ಆಡಳಿತಕ್ಕೆ ಪ್ರತಿಯೊಬ್ಬರೂ ವಾರ್ಷಿಕ ಕಾಣಿಕೆ ಸಲ್ಲಿಸಿ, ಅದನ್ನು ದಾಖಲಿಸುವ ಹಸಿರು ಪುಸ್ತಕವೊಂದನ್ನು ಜೋಪಾನವಾಗಿಟ್ಟುಕೊಂಡಿರುವರು. ರಾಜ್ಯವಿಲ್ಲದ ಜನಕ್ಕೆ ಅದೇ ಪೌರತ್ವದ ಪತ್ರ. ಆ ಆಡಳಿತಕ್ಕೆ 2021ರಲ್ಲಿ ನಾಯಕರಾಗಿ ಚುನಾಯಿತರಾದ ಪೆನ್ಪಾ ತ್ಸೆರಿಂಗ್ ಅವರ ಜನ್ಮಸ್ಥಳ ಬೈಲಕುಪ್ಪೆ. ಒಂದು ದೇಶದ ಪ್ರತಿನಿಧಿಯಾಗಿ ಲೋಕದ ರಾಜಧಾನಿಗಳಲ್ಲಿ ಮಾತನಾಡುವ ವ್ಯಕ್ತಿ ಆ ದೇಶದಿಂದ ಅಷ್ಟು ದೂರದ ನಮ್ಮ ತಾಲ್ಲೂಕೊಂದರಲ್ಲಿ ಹುಟ್ಟಿ, ಇಲ್ಲಿಯ ಶಾಲೆಯಲ್ಲೇ ಕಲಿತವರೆಂಬುದು ವಲಸೆಯ ಚರಿತ್ರೆಯಲ್ಲಿ ಸಾಮಾನ್ಯ ಸಂಗತಿಯಲ್ಲ.

ಈ ವ್ರತದ ಭಾರ ನಿಜವಾಗಿ ಬಿದ್ದದ್ದು ಇಲ್ಲಿ ಹುಟ್ಟಿದವರ ಮೇಲೆ. ಕಾನೂನು ಅವರನ್ನು ನಿರಾಶ್ರಿತರೆಂದೂ ಕರೆಯುವುದಿಲ್ಲ; ನಿರಾಶ್ರಿತರ ವಿಷಯದ 1951ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲವಾದುದರಿಂದ, ಅವರು ಆರ್.ಸಿ. ಎಂಬ ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕಾದ ವಿದೇಶೀಯರು. ವ್ಯವಸಾಯ ಮಾಡುವ ನೆಲ ಅವರ ಸ್ವಂತದ್ದಲ್ಲ. ವಿದೇಶಪ್ರಯಾಣಕ್ಕೆ ಪಾಸ್‌ಪೋರ್ಟಿಗೆ ಬದಲಾಗಿ ಹಳದಿ ಹೊದಿಕೆಯ ಗುರುತುಪತ್ರ. ಇಷ್ಟರ ನಡುವೆ ಪೌರತ್ವದ ಶಾಸನದಲ್ಲಿ ಒಂದು ಬಾಗಿಲು ತೆರೆದೇ ಇತ್ತು. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುನ್ನ ಭಾರತದಲ್ಲಿ ಹುಟ್ಟಿದವನು, ತಂದೆತಾಯಿಗಳು ಯಾವ ದೇಶದವರಾದರೂ, ಜನ್ಮತಃ ಭಾರತೀಯನೆಂದು ಶಾಸನ ಹೇಳುತ್ತದೆ. ಇದು ಟಿಬೆಟನ್ನರಿಗೂ ಅನ್ವಯಿಸುವುದೆಂದು 2010ರಲ್ಲಿ ದೆಹಲಿಯ ಹೈಕೋರ್ಟೂ 2013ರಲ್ಲಿ ಕರ್ನಾಟಕದ ಹೈಕೋರ್ಟೂ ತೀರ್ಪಿತ್ತುವು; 2014ರಲ್ಲಿ ಚುನಾವಣಾ ಆಯೋಗವು ಇಂಥವರನ್ನು ಮತದಾರರ ಪಟ್ಟಿಗೆ ಸೇರಿಸಿಕೊಳ್ಳಬೇಕೆಂದು ಸೂಚಿಸಿತು. ಬಾಗಿಲು ತೆರೆದ ಮೇಲೆ ಎಲ್ಲರೂ ಒಳಗೆ ನುಗ್ಗುವರೆಂದು ಎಣಿಸಿದವರಿಗೆ ಆಶ್ಚರ್ಯ ಕಾದಿತ್ತು. ಕೆಲವರು ಹೆಸರು ಸೇರಿಸಿದರು, ಅನೇಕರು ಹಿಂಜರಿದರು. ಧರ್ಮಶಾಲೆಯ ಆಡಳಿತವು ಅದನ್ನು ವ್ಯಕ್ತಿಯ ಇಚ್ಛೆಗೆ ಬಿಟ್ಟಿತಾದರೂ, ಆ ಇಚ್ಛೆಯ ಒಳಗೆ ಎಂಥ ಘರ್ಷಣೆಯಿದ್ದಿರಬೇಕೆಂದು ಊಹಿಸಬಹುದು.

ಬೈಲಕುಪ್ಪೆಯ ಒಂದನೆಯ ಕ್ಯಾಂಪಿನಲ್ಲೋ ಎರಡನೆಯದರಲ್ಲೋ ಹುಟ್ಟಿ, ಕುಶಾಲನಗರದ ಸಂತೆಯಲ್ಲಿ ಕನ್ನಡದಲ್ಲಿಯೇ ಚೌಕಾಸಿ ಮಾಡಿ, ಚಳಿಗಾಲದಲ್ಲಿ ಲುಧಿಯಾನದ ಸ್ವೆಟರುಗಳನ್ನು ಹೊತ್ತು ಊರೂರಿನಲ್ಲಿ ಮಾರಿ ಸಂಸಾರ ನಡೆಸುವ ಒಬ್ಬ ಗೃಹಸ್ಥನನ್ನು ಭಾವಿಸಿಕೊಳ್ಳೋಣ. ಅವನು ಟಿಬೆಟ್ ನೋಡಿಲ್ಲ. ಅವನಿಗೆ ಗೊತ್ತಿರುವ ಮಳೆ ಕೊಡಗಿನ ಕಡೆಯಿಂದ ಬರುವ ಮಳೆ; ಗೊತ್ತಿರುವ ನದಿ ಕಾವೇರಿ. ಭಾರತದ ಪೌರತ್ವವನ್ನು ಪಡೆದರೆ ಮಗನ ವಿದ್ಯಾಭ್ಯಾಸ ಸುಲಭವಾಗುವುದು, ಮನೆಗೆ ಸಾಲ ದೊರೆಯುವುದು. ಆದರೆ ಹಿಮದಲ್ಲಿ ಕಾಲ್ಬೆರಳುಗಳನ್ನು ಕಳೆದುಕೊಂಡು ಬಂದ ತಂದೆಯ ಮುಂದೆ ನಿಂತು, ಇನ್ನು ನಾನು ಹಿಂದಿರುಗಬೇಕಾದವನಲ್ಲ ಎಂದು ಹೇಳಿದಂತಾಗುವುದಲ್ಲವೆ? ಅವನು ಇಲ್ಲಿಗೆ ಸೇರಿದವನೆಂಬುದನ್ನು ಅವನ ನಾಲಗೆಯೂ ಕಾಲೂ ಬಲ್ಲುವು. ಹಾಗೆಂದು ಒಪ್ಪಿಕೊಳ್ಳುವುದು ಮಾತ್ರ ಅವನಿಗೆ ಧರ್ಮಸಂಕಟ. 2017ರಲ್ಲಿ ಭಾರತದ ಪಾಸ್‌ಪೋರ್ಟ್ ಬಯಸುವ ಟಿಬೆಟನ್ನರು ತಮ್ಮ ನೋಂದಣಿ ಪತ್ರವನ್ನು ಒಪ್ಪಿಸಬೇಕೆಂದೂ ಟಿಬೆಟನ್ ವಸತಿಗಳಲ್ಲಿ ವಾಸಿಸಬಾರದೆಂದೂ ಷರತ್ತುಗಳು ಬಂದಾಗ ಈ ಸಂಕಟ ಇಮ್ಮಡಿಯಾಯಿತು. ದೇಶಕ್ಕೆ ಸೇರಬೇಕಾದರೆ ಊರನ್ನು ಬಿಡಬೇಕು! ಆಡಳಿತದ ದೃಷ್ಟಿಯಿಂದ ಇದಕ್ಕೆ ಸಮರ್ಥನೆಗಳಿರಬಹುದು. ಮನುಷ್ಯರ ದೃಷ್ಟಿಯಿಂದ ಇದು ಕಠಿಣವಾದ ಮಾತೆಂದೇ ನಾನು ತಿಳಿಯುವೆನು.

ನೆರೆಹೊರೆಯ ಕನ್ನಡಿಗರ ವಿಷಯದಲ್ಲಿ ಒಟ್ಟಾರೆ ಒಳ್ಳೆಯ ಮಾತನ್ನೇ ಹೇಳಬೇಕು. ಆರಂಭದಲ್ಲಿ ಈ ಜನರ ಮುಖ, ವೇಷ, ಆಹಾರಗಳು ಸುತ್ತಣ ಹಳ್ಳಿಯವರಿಗೆ ವಿಚಿತ್ರವಾಗಿ ಕಂಡಿದ್ದರೂ, ಹೊಲಗೆಲಸದಲ್ಲಿ, ಅಂಗಡಿಗಳಲ್ಲಿ, ಮಠಗಳ ಕಟ್ಟಡಗಳಲ್ಲಿ ದುಡಿಯುವ ಸ್ಥಳೀಯರೂ ಟಿಬೆಟನ್ನರೂ ಪರಸ್ಪರರ ಅಗತ್ಯವನ್ನು ಅರಿತು ಬಾಳಿದರು. ಆದರೂ ಅತಿಥಿಯಾಗಿರುವುದಕ್ಕೂ ಮನೆಯವನಾಗಿರುವುದಕ್ಕೂ ಭೇದವಿದೆ. ಅತಿಥಿ ಎಷ್ಟು ವರ್ಷವಿದ್ದರೂ ಧ್ವನಿಯೆತ್ತಿ ಮಾತನಾಡಲಾರ; ಕೊಟ್ಟದ್ದಕ್ಕೆ ಕೃತಜ್ಞನಾಗಿರಬೇಕೆಂಬ ಎಚ್ಚರ ಅವನನ್ನು ಬಿಡುವುದಿಲ್ಲ.

ಮೂರನೆಯ ವಲಸಿಗರ ಮಾತನ್ನು ಎತ್ತದಿದ್ದರೆ ಈ ಸೀಮೆಯ ಚಿತ್ರ ಅಸತ್ಯವಾಗುವುದು. ನಾಗರಹೊಳೆಯ ಅರಣ್ಯವು ವನ್ಯಮೃಗಗಳ ರಕ್ಷಿತ ಪ್ರದೇಶವಾದ ಮೇಲೆ, ಅಲ್ಲಿ ಜೇನು ಕೊಯ್ದು, ಗೆಡ್ಡೆಗೆಣಸು ಅಗೆದು, ತಮ್ಮ ದೈವಗಳ ನೆಲೆಗಳನ್ನೂ ಹಿರಿಯರ ಸಮಾಧಿಗಳನ್ನೂ ಕಾಡಿನ ನಡುವೆಯೇ ಇಟ್ಟುಕೊಂಡಿದ್ದ ಜೇನುಕುರುಬರು 1970ರ ದಶಕದಿಂದ ಹಂತಹಂತವಾಗಿ ಹೊರಬರಬೇಕಾಯಿತು. ಕೆಲವರು ಹುಣಸೂರಿನ ಕಡೆಯ ಪುನರ್ವಸತಿ ಹಾಡಿಗಳನ್ನು ಸೇರಿದರು. ಅನೇಕರು ಕೊಡಗಿನ ಕಾಫಿ ತೋಟಗಳ ಲೈನ್‌ಮನೆಗಳಲ್ಲಿ ಕೂಲಿಯಾಳುಗಳಾದರು. ಅವರು ದಾಟಿದ ದೂರ ಕೆಲವೇ ಹರದಾರಿ. ಭಾಷೆ ಬದಲಾಗಲಿಲ್ಲ, ರಾಜ್ಯ ಬದಲಾಗಲಿಲ್ಲ, ಮತದಾನದ ಹಕ್ಕು ಹೋಗಲಿಲ್ಲ. ಆದರೆ ಲಾಸಾದಿಂದ ಬಂದವನು ತನ್ನೊಡನೆ ಗುರುವನ್ನೂ ಗ್ರಂಥವನ್ನೂ ಹೊತ್ತು ತರಬಲ್ಲವನಾಗಿದ್ದನು, ಶೆಂಗೋಟ್ಟೈಯಿಂದ ಬಂದವನು ವೇದವನ್ನು ಕಂಠದಲ್ಲಿ ತಂದನು, ಕಾಡಿನಿಂದ ಬಂದವನ ವಿದ್ಯೆಯೆಲ್ಲವೂ ಕಾಡಿನಲ್ಲಿಯೇ ಉಳಿಯಿತು. ಯಾವ ಮರದಲ್ಲಿ ಯಾವ ಋತುವಿನಲ್ಲಿ ಹೆಜ್ಜೇನು ಕಟ್ಟುವುದೆಂಬ ಜ್ಞಾನಕ್ಕೆ ಲೈನ್‌ಮನೆಯಲ್ಲಿ ಬೆಲೆಯಿಲ್ಲ. ಮಠವೊಂದನ್ನು ಬೇರೆಡೆ ಕಟ್ಟಬಹುದು, ದೈವ ನೆಲಸಿದ ಮರವನ್ನು ಕಟ್ಟಲಾಗದು. ಪರದೇಶದಿಂದ ಬಂದ ಆರ್ತರಿಗೆ ಕಾಡು ಕಡಿದು ನೆಲ ಕೊಟ್ಟ ನಮ್ಮ ನಾಡು ಕಾಡಿನವರಿಗೆ ಅದೇ ಔದಾರ್ಯವನ್ನು ತೋರಲಿಲ್ಲವೆಂಬುದು, ಆ ಔದಾರ್ಯವನ್ನು ಹೃತ್ಪೂರ್ವಕವಾಗಿ ಮೆಚ್ಚುವವರೂ ತಲೆತಗ್ಗಿಸಿ ಒಪ್ಪಬೇಕಾದ ಸಂಗತಿ. 2025ರ ಮೇ ತಿಂಗಳಲ್ಲಿ, ದಶಕಗಳ ಹಿಂದೆ ಹೊರಹೋಗಿದ್ದ ಜೇನುಕುರುಬ ಕುಟುಂಬಗಳು 2006ರ ಅರಣ್ಯಹಕ್ಕು ಶಾಸನವನ್ನು ಮುಂದಿಟ್ಟುಕೊಂಡು ನಾಗರಹೊಳೆಯೊಳಗಿನ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಮರಳಿ ಹೋಗಿ ಗುಡಿಸಲುಗಳನ್ನು ಕಟ್ಟಿಕೊಂಡುವು. ಟಿಬೆಟನ್ನರು ಅರುವತ್ತೈದಕ್ಕೂ ಹೆಚ್ಚು ವರ್ಷಗಳಿಂದ ಕನಸಿದ ಹಿಂದಿರುಗುವಿಕೆಯನ್ನು ಅದೇ ಸೀಮೆಯ ಬೇರೊಂದು ಜನ, ತಡೆಯುವವರ ಕಣ್ಣೆದುರಿನಲ್ಲಿಯೇ, ಕಾಲ್ನಡೆಯಲ್ಲಿ ಮಾಡಿ ತೋರಿಸಿತು.

ಇತ್ತ ಬೈಲಕುಪ್ಪೆಯಲ್ಲಿ ಹೊಸದೊಂದು ನಿರ್ಗಮನ ನಡೆಯುತ್ತಿದೆ. ಭಾರತ ಮತ್ತು ನೇಪಾಳದಲ್ಲಿದ್ದ ಟಿಬೆಟನ್ನರಿಗಾಗಿ ಅಮೆರಿಕದ 1990ರ ವಲಸೆ ಶಾಸನವು 1,000 ವೀಸಾಗಳನ್ನು ಒದಗಿಸಿದ ಮೇಲೆ ತೆರೆದ ದಾರಿ ಇಂದು ಹೆದ್ದಾರಿಯಾಗಿದೆ. 2009ರಲ್ಲಿ ಅವರ ಆಡಳಿತವೇ ನಡೆಸಿದ ಗಣತಿಯಲ್ಲಿ ಭಾರತದಲ್ಲಿದ್ದ ಟಿಬೆಟನ್ನರು 94,203. ಅಲ್ಲಿಂದೀಚೆಗೆ ಆ ಸಂಖ್ಯೆ ಇಳಿಯುತ್ತಲೇ ಬಂದಿದೆ. 2008ರ ಬಳಿಕ ಗಡಿಯ ಕಾವಲು ಬಿಗಿಯಾಗಿ ಟಿಬೆಟಿನಿಂದ ಬರುವವರು ವಿರಳರಾದರು. ಮಠಗಳಿಗೆ ಸೇರುವ ಬಾಲಕರಲ್ಲಿ ಲಡಾಖ್, ಅರುಣಾಚಲ, ನೇಪಾಳ, ಭೂತಾನಗಳವರ ಪಾಲು ಹೆಚ್ಚಿತು. ಯುವಕರು ನ್ಯೂಯಾರ್ಕಿನ ಜಾಕ್ಸನ್ ಹೈಟ್ಸ್, ಟೊರಾಂಟೊದ ಪಾರ್ಕ್‌ಡೇಲ್ ಮುಂತಾದ ಬಡಾವಣೆಗಳಲ್ಲಿ ನೆಲಸಿ, ದಾದಿಯರಾಗಿ, ಅಡುಗೆಯವರಾಗಿ, ಅಂಗಡಿಕಾರರಾಗಿ ದುಡಿದು, ಹಿರಿಯರಿಗೆ ಹಣ ಕಳುಹಿಸುವರು. ಅಲ್ಲಿ ಕೆಲವು ವರ್ಷಗಳಲ್ಲಿಯೇ ಪೌರರಾಗುವರು. ಭಾರತದಲ್ಲಿ ಒಲ್ಲೆನೆಂದ ಪೌರತ್ವವನ್ನು ಕೆನಡದಲ್ಲಿ ಹೇಗೆ ಒಪ್ಪಿದರೆಂದು ಕೇಳುವುದು ಅನ್ಯಾಯವಾದೀತು. ಭಾರತ ಅವರಿಗೆ ಹಿಮಾಲಯದ ಈಚೆಯ ದಡ. ಇಲ್ಲಿ ನಿಂತರೆ ಆಚೆಯ ದಡ ಕಾಣುತ್ತದೆ, ಕಾಯುವುದಕ್ಕೆ ಅರ್ಥವಿರುತ್ತದೆ. ಅಟ್ಲಾಂಟಿಕದ ಆಚೆ ಹೋದವನಿಗೆ ಆ ಕಾಯುವಿಕೆಯ ನಿಯಮ ಸಡಿಲವಾಗುವುದು.

ಅಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ಹೇಳಬೇಕಾದ ಹೊರಟ ಕಥೆಗಳು ಈಗ ಎರಡು. ಅಜ್ಜ ಲಾಸಾದಿಂದ ಹೊರಟನು; ಅಪ್ಪ ಬೈಲಕುಪ್ಪೆಯಿಂದ ಹೊರಟನು. ಮೊದಲನೆಯ ಊರಿಗೆ ಅವರನ್ನು ಕರೆದೊಯ್ಯಲು ಸಾಧ್ಯವಿಲ್ಲ. ಎರಡನೆಯದಕ್ಕೆ ರಜೆಯಲ್ಲಿ ಬರಬಹುದು. ಹಾಗೆ ಬಂದ ಮಕ್ಕಳಿಗೆ ಅಪ್ಪ ತಾನು ಓದಿದ ಶಾಲೆಯನ್ನೂ, ಆನೆ ಬಂದಿದ್ದ ಹೊಲವನ್ನೂ, ದೋಸೆ ತಿನ್ನುತ್ತಿದ್ದ ಹೋಟೆಲನ್ನೂ ತೋರಿಸುವನು. ಅಂಗಡಿಯವನೊಡನೆ ಅವನು ಕನ್ನಡದಲ್ಲಿ ಮಾತಾಡುವುದನ್ನು ಅವು ಬೆರಗಿನಿಂದ ಕೇಳುವುವು. ಪಿರಿಯಾಪಟ್ಟಣದ ಈ ಕೆಂಪು ಮಣ್ಣನ್ನು ತಮ್ಮ ಮೂಲಸ್ಥಾನವೆಂದು ಎಣಿಸುವ ಒಂದು ಪೀಳಿಗೆ ಹಾಗೆ, ಕಾವೇರಿಯಿಂದ ಬಹುದೂರದಲ್ಲಿ, ತಯಾರಾಗುತ್ತಿದೆ.